ಮಾಡಿನ ಮರಗೆಲಸದಲ್ಲಿಯೂ ಹೊದಿಕೆಯಲ್ಲಿಯೂ ಸಾಮಾನ್ಯವಾಗಿ ಆಗುವ ತಪ್ಪುಗಳು

ಒಕ್ಕಲುಮನೆಗಳಲ್ಲಿಯೂ ದನದ ಕೊಟ್ಟಿಗೆ, ಗೊಬ್ಬರದ ಮನೆ, ಉಗ್ರಾಣ ಮುಂತಾದ ವ್ಯವಸಾಯದ ಕಟ್ಟಡಗಳಲ್ಲಿಯೂ ಮೊದಲು ಕೆಡುವುದು ಮಾಡು. ಗೋಡೆಗಳು ಕೆಡುವುದೂ ಬಹುಮಟ್ಟಿಗೆ ಮಾಡು ಕೆಟ್ಟ ತರುವಾಯವೇ. ಹೀಗಿದ್ದರೂ ಮನೆ ಕಟ್ಟಿಸುವವರು ತಳಹದಿಗೆ ಕಲ್ಲನ್ನೂ ಬಾಗಿಲಿಗೆ ಮರವನ್ನೂ ಆರಿಸುವಾಗ ತೋರಿಸುವ ಎಚ್ಚರಿಕೆಯನ್ನು ಮಾಡಿನ ವಿಷಯದಲ್ಲಿ ತೋರಿಸುವುದು ಅಪರೂಪ. ಕೈಯಲ್ಲಿದ್ದ ಹಣವೆಲ್ಲ ಗೋಡೆಗೆ ತೀರಿದ ಮೇಲೆ ಮಳೆಗಾಲ ಹತ್ತಿರ ಬಂತೆಂದು ಅವಸರದಲ್ಲಿ ಯಾವುದೋ ಮರವನ್ನು ಏರಿಸಿ ಮುಚ್ಚಿಬಿಡುತ್ತಾರೆ. ಇದರ ಫಲವನ್ನು ಹತ್ತಾರು ವರ್ಷ ಅನುಭವಿಸಬೇಕಾಗುತ್ತದೆ.

ಮಾಡಿನಲ್ಲಿ ಆಗುವ ತಪ್ಪುಗಳು ಹಲವು. ಆದರೆ ಅವುಗಳಲ್ಲಿ ಈಚೆಗೆ ಎಲ್ಲೆಲ್ಲಿಯೂ ಕಂಡುಬರುವುದು ಯಾವುದೆಂದರೆ, ಹೊದಿಕೆಯನ್ನು ಮಾತ್ರ ಬದಲಾಯಿಸಿ ಅದನ್ನು ಹೊತ್ತಿರುವ ಮರದ ಚೌಕಟ್ಟನ್ನು ಹಾಗೆಯೇ ಬಿಡುವುದು. ಹುಲ್ಲಿನ ಮಾಡಿಗೆ ಹೆಂಚು ಹೊದಿಸುತ್ತಾರೆ. ಹೆಂಚಿನ ಮಾಡನ್ನು ಇಳಿಸಿ ಅದೇ ಮರದ ಮೇಲೆ ತಗಡು ಹೊಡೆಯುತ್ತಾರೆ. ಮೊದಲನೆಯದರಲ್ಲಿ ಭಾರ ಹೆಚ್ಚಿ ಮಾಡು ಕುಸಿಯುತ್ತದೆ. ಎರಡನೆಯದರಲ್ಲಿ ಭಾರ ಕಡಮೆಯಾಗಿ ಮಾಡು ಹಾರುತ್ತದೆ. ಪ್ರತಿಯೊಂದು ಹೊದಿಕೆಗೂ ತನ್ನದೇ ಆದ ಭಾರವಿದೆ, ತನ್ನದೇ ಆದ ಇಳಿಜಾರಿದೆ, ತನ್ನದೇ ಆದ ಕಟ್ಟುವ ಕ್ರಮವಿದೆ. ಒಂದಕ್ಕಾಗಿ ಮಾಡಿದ ಚೌಕಟ್ಟು ಇನ್ನೊಂದಕ್ಕೆ ಒಗ್ಗುವುದಿಲ್ಲವೆಂಬುದನ್ನು ಮುಂದೆ ವಿವರಿಸಿದೆ.

ಮರಗಳ ಹೆಸರುಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿರುವುದರಿಂದ, ಈ ಲೇಖನದಲ್ಲಿ ಬಳಸಿರುವ ಮಾತುಗಳನ್ನು ಮೊದಲೇ ತಿಳಿಸುವುದು ಉಚಿತ. ಮಾಡಿನ ತುದಿಯಲ್ಲಿ ಉದ್ದಕ್ಕೂ ಹೋಗುವ ಮರ ನೆತ್ತಿತೊಲೆ. ನೆತ್ತಿಯಿಂದ ಗೋಡೆಯ ಕಡೆಗೆ ಇಳಿಯುವ ಮರಗಳು, ಕರಾವಳಿಯವರು ಹೇಳುವಂತೆ, ಪಕ್ಕಾಸುಗಳು. ಅವುಗಳ ಮೇಲೆ ಅಡ್ಡಲಾಗಿ ಹೊಡೆದು ಹೆಂಚನ್ನು ಹೊರಿಸುವ ಸಣ್ಣ ಪಟ್ಟಿಗಳು ರೀಪುಗಳು. ಎದುರುಬದುರಾದ ಎರಡು ಗೋಡೆಗಳನ್ನು ಮೇಲ್ಗಡೆಯಲ್ಲಿ ಕೂಡಿಸುವ ಮರ ಅಡ್ಡತೊಲೆ. ಗೋಡೆಯ ತಲೆಯ ಮೇಲೆ ಉದ್ದಕ್ಕೂ ಮಲಗಿಸಿ ಪಕ್ಕಾಸಿನ ಬುಡವನ್ನು ಕೂರಿಸುವ ಮರವನ್ನು ಗೋಡೆಮರವೆಂದು ಕರೆದಿದೆ.

ಹೊದಿಕೆಗಳ ಭಾರ.— ನಮ್ಮ ನಾಡಿನಲ್ಲಿ ಹುಲ್ಲು, ಅಡಿಕೆಯ ಸೋಗೆ, ತೆಂಗಿನ ಗರಿ, ನಾಡ ಹೆಂಚು, ಬಯಲುಸೀಮೆಯ ಮಣ್ಣಿನ ಮಾಳಿಗೆ, ಇವು ಹಿಂದಿನಿಂದ ಬಂದ ಹೊದಿಕೆಗಳು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಮಂಗಳೂರು ಹೆಂಚು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಕ್ರಮೇಣ ಹರಡಿತು. ಈ ಹೆಂಚು ಒಂದೊಂದೂ ೨ ರಿಂದ ೩ ಕಿಲೋಗ್ರಾಂ ತೂಗುತ್ತದೆ. ೧೦೦ ಚದರ ಅಡಿ ಮಾಡಿಗೆ ಹೆಚ್ಚುಕಡಮೆ ೧೫೦ ಹೆಂಚುಗಳು ಬೇಕಾಗುವುದರಿಂದ ಹೆಂಚಿನ ಭಾರವೊಂದೇ ಸುಮಾರು ೩೫೦ ಕಿಲೋಗ್ರಾಂ ಆಗುತ್ತದೆ. ಮಳೆಯಲ್ಲಿ ನೆನೆದ ಹೆಂಚು ತನ್ನ ತೂಕದ ಆರನೆಯ ಒಂದು ಪಾಲಿನಷ್ಟು ನೀರನ್ನು ಹೀರಿಕೊಳ್ಳಬಹುದಾದ್ದರಿಂದ ಮಳೆಗಾಲದಲ್ಲಿ ಇದೇ ಭಾರ ೪೦೦ ಕಿಲೋಗ್ರಾಮನ್ನು ಮುಟ್ಟುತ್ತದೆ. ಎರಡು ಪದರವಾಗಿ ಹೊದಿಸಿದ ನಾಡ ಹೆಂಚು ಇದಕ್ಕಿಂತಲೂ ಬಹಳ ಭಾರ. ಅರ್ಧ ಮಿಲಿಮೀಟರ್ ದಪ್ಪದ, ಸತುವಿನ ಲೇಪವುಳ್ಳ ಕಬ್ಬಿಣದ ತಗಡಾದರೋ ಅದೇ ೧೦೦ ಚದರ ಅಡಿಗೆ ೪೦ ರಿಂದ ೫೦ ಕಿಲೋಗ್ರಾಂ ಮಾತ್ರ.

ಅಂದರೆ ತಗಡಿನ ಭಾರ ಹೆಂಚಿನ ಭಾರದ ಎಂಟನೆಯ ಒಂದು ಪಾಲು. ಅಂಗಡಿಯವರು ಇದನ್ನೇ ತಗಡಿನ ದೊಡ್ಡ ಗುಣವೆಂದು ಹೇಳುತ್ತಾರೆ. ಅರ್ಧ ನಿಜ.

ಗಾಳಿಯ ಸೆಳೆತ.— ಗಾಳಿ ಮಾಡನ್ನು ಕೆಳಕ್ಕೆ ಒತ್ತುತ್ತದೆಂದು ಹಲವರ ಎಣಿಕೆ. ಇಳಿಜಾರು ಕಡಮೆಯಾಗಿರುವ ಮಾಡಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮಾಡಿನ ಮೇಲೆ ವೇಗವಾಗಿ ಹಾದುಹೋಗುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಒಂದು ಪಕ್ಕ ತೆರೆದಿರುವ ಕೊಟ್ಟಿಗೆಯಾದರೆ ಒಳಕ್ಕೆ ನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಮಡಿಯಾಗುತ್ತದೆ. ಗಂಟೆಗೆ ೬೦ ಕಿಲೋಮೀಟರ್ ವೇಗದ ಗಾಳಿಯ ಬಲ ೧೦೦ ಚದರ ಅಡಿಗೆ ಸುಮಾರು ೧೬೦ ಕಿಲೋಗ್ರಾಂ; ೮೦ ಕಿಲೋಮೀಟರಿಗೆ ೨೮೦ ಕಿಲೋಗ್ರಾಂ; ೧೦೦ ಕಿಲೋಮೀಟರಿಗೆ ೪೪೦ ಕಿಲೋಗ್ರಾಂ. ಮಾಡಿನ ಇಳಿಜಾರನ್ನೂ ಕಟ್ಟಡ ನಿಂತಿರುವ ಸ್ಥಳವನ್ನೂ ಅನುಸರಿಸಿ ಈ ಬಲದಲ್ಲಿ ಮಾಡನ್ನು ಎತ್ತುವ ಪಾಲು ಹೆಚ್ಚುಕಡಮೆಯಾಗುತ್ತದೆ. ಸೂರಿನ ಅಂಚುಗಳಲ್ಲಿಯೂ ಮೂಲೆಗಳಲ್ಲಿಯೂ ಅದು ಎಲ್ಲಕ್ಕಿಂತ ಹೆಚ್ಚು.

ಈ ಅಂಕಿಗಳನ್ನು ಮೇಲೆ ಹೇಳಿದ ಭಾರಗಳ ಪಕ್ಕದಲ್ಲಿಟ್ಟು ನೋಡತಕ್ಕದ್ದು. ೩೫೦ ಕಿಲೋಗ್ರಾಂ ಹೆಂಚು, ಅದರ ಜೊತೆಗೆ ಮರದ ತೂಕ, ಇವೆರಡೂ ಸೇರಿ ಸಾಮಾನ್ಯವಾದ ಬಿರುಗಾಳಿಯನ್ನು ತಡೆದುಕೊಳ್ಳುತ್ತವೆ. ನಾಲ್ಕಾರು ಹೆಂಚು ಹಾರಿದರೂ ಆ ಸಂದಿನಲ್ಲಿ ಗಾಳಿ ಹೊರಟುಹೋಗಿ ಮಾಡು ಉಳಿಯುತ್ತದೆ. ಆದಕಾರಣ ನಮ್ಮ ಹಿರಿಯರು ಪಕ್ಕಾಸನ್ನು ಗೋಡೆಮರದ ಮೇಲೆ ಬರಿದೇ ಕೂರಿಸಿ ಒಂದು ಮೊಳೆ ಹೊಡೆದುಬಿಟ್ಟರೂ ನಡೆಯುತ್ತಿತ್ತು. ಅದೇ ಮರದ ಮೇಲೆ ೪೫ ಕಿಲೋಗ್ರಾಂ ತಗಡನ್ನು ಹಾಸಿದರೆ ಅದನ್ನು ಹಿಡಿದಿಡುವುದು ಭಾರವಲ್ಲ, ಮೊಳೆ. ಆ ಮೊಳೆಯಾದರೋ ಮೇಲಕ್ಕೆ ಎಳೆಯುವ ಬಲವನ್ನು ಎಂದೂ ಎಣಿಸಿ ಹೊಡೆದದ್ದಲ್ಲ. ಚೈತ್ರ ವೈಶಾಖಗಳಲ್ಲಿ ಮುಂಗಾರಿಗೆ ಮುನ್ನ ಏಳುವ ಬಿರುಗಾಳಿಗೆ ಊರಿನಲ್ಲಿ ತಗಡಿನ ಮಾಡುಗಳೇ ಮೊದಲು ಹೋಗುವುದಕ್ಕೆ ಕಾರಣವಿದು.

ಹಳೆಯ ರೀಪುಗಳ ಮೇಲೆಯೇ ತಗಡು ಹೊಡೆಯುವುದು ಈ ತಪ್ಪಿನ ಇನ್ನೊಂದು ಮುಖ. ಹೆಂಚಿನ ರೀಪು ೨ ಅಂಗುಲ ಅಗಲ, ೧ ಅಂಗುಲ ದಪ್ಪದ್ದು. ಒಂದಂಗುಲ ಮರದಲ್ಲಿ, ಅದೂ ಮೂವತ್ತು ನಲವತ್ತು ವರ್ಷ ಹುಳು ತಿಂದ ಮರದಲ್ಲಿ, ಮೊಳೆಯಾಗಲಿ ತಿರುಪಾಗಲಿ ನಿಲ್ಲುವುದಿಲ್ಲ. ನಿಂತರೂ ರೀಪೇ ಪಕ್ಕಾಸಿನಿಂದ ಕಿತ್ತುಬರುತ್ತದೆ. ತಗಡಿಗೆ ಬೇರೆಯಾಗಿ ೩ ಅಂಗುಲ ಎತ್ತರ ೨ ಅಂಗುಲ ಅಗಲಕ್ಕೆ ಕಡಮೆಯಿಲ್ಲದ ಪಟ್ಟಿಗಳನ್ನು ೩ ರಿಂದ ೪ ಅಡಿಗೊಂದರಂತೆ ಹಾಕಿ, ಅವನ್ನು ಪಕ್ಕಾಸುಗಳಿಗೆ ಕಬ್ಬಿಣದ ಪಟ್ಟಿಯಿಂದಲೋ ಬೋಲ್ಟಿನಿಂದಲೋ ಬಿಗಿಯಬೇಕು. ಪಕ್ಕಾಸನ್ನು ಗೋಡೆಮರಕ್ಕೂ, ಗೋಡೆಮರವನ್ನು ಗೋಡೆಗೂ ಅದೇ ರೀತಿ ಬಿಗಿಯಬೇಕು. ಗೋಡೆಗೆ ಬಿಗಿಯುವುದೆಂದರೆ ಮೇಲಿನ ಒಂದು ವರಸೆ ಇಟ್ಟಿಗೆಗೆ ಕಟ್ಟುವುದಲ್ಲ. ಆ ವರಸೆ ತಗಡಿನೊಡನೆ ತಾನೂ ಏಳುತ್ತದೆ. ಅರ್ಧ ಅಂಗುಲದ ಕಬ್ಬಿಣದ ಸರಳನ್ನು ಗೋಡೆಯೊಳಗೆ ೨ ರಿಂದ ೩ ಅಡಿ ಇಳಿಸಿ, ಅದರ ಕೆಳತುದಿಗೆ ಒಂದು ಚಪ್ಪಟೆ ಕಬ್ಬಿಣವನ್ನು ಅಡ್ಡಲಾಗಿ ಹಾಕಿ ಗಾರೆಯಲ್ಲಿ ಕೂರಿಸಿದರೆ ಅಷ್ಟು ಗೋಡೆಯ ಭಾರವೆಲ್ಲ ಮಾಡನ್ನು ಹಿಡಿಯುತ್ತದೆ. ತಗಡಿನಿಂದ ನೆಲದವರೆಗೆ ಇದು ಒಂದು ಸರಪಳಿಯಂತೆ. ಒಂದು ಕೊಂಡಿಯನ್ನು ಬಿಟ್ಟು ಉಳಿದವನ್ನು ಎಷ್ಟು ಬಲಪಡಿಸಿದರೂ ಆ ಬಿಟ್ಟ ಕಡೆಯಲ್ಲಿಯೇ ಕಳಚುತ್ತದೆ.

ಕಂಬಗಳ ಮೇಲೆ ನಿಂತ ಕೊಟ್ಟಿಗೆಯಲ್ಲಿ ಕೊನೆಯ ಕೊಂಡಿ ಕಂಬದ ಗುಂಡಿ. ೨೦ ಅಡಿ ಅಗಲ ೩೦ ಅಡಿ ಉದ್ದದ ತಗಡಿನ ಕೊಟ್ಟಿಗೆಯನ್ನು ಗಂಟೆಗೆ ೧೦೦ ಕಿಲೋಮೀಟರಿನ ಗಾಳಿ ಪೂರ್ಣಬಲದಿಂದ ಎತ್ತಿದರೆ ೨,೬೦೦ ಕಿಲೋಗ್ರಾಮಿನಷ್ಟು ಸೆಳೆತವುಂಟಾಗುತ್ತದೆ. ತಗಡಿನ ತೂಕವನ್ನು ಕಳೆದು ೧೨ ಕಂಬಗಳಿಗೆ ಹಂಚಿದರೆ ಕಂಬವೊಂದಕ್ಕೆ ಸುಮಾರು ೨೦೦ ಕಿಲೋಗ್ರಾಂ. ಮೂಲೆಯ ಕಂಬಗಳಿಗೆ ಇನ್ನೂ ಹೆಚ್ಚು. ಗುಂಡಿ ತೋಡಿ ಕಂಬ ನೆಟ್ಟು ಮಣ್ಣು ತುಳಿದು ಬಿಟ್ಟರೆ, ಮಳೆಯಲ್ಲಿ ಆ ಮಣ್ಣು ನೆನೆದಾಗ ಕಂಬ ಗೆಣಸಿನಂತೆ ಕಿತ್ತುಬರುತ್ತದೆ. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿಗೆ ಕಾಂಕ್ರೀಟು ತುಂಬಿದರೆ ಅದರ ತೂಕವೇ ೩೫೦ ಕಿಲೋಗ್ರಾಮಿಗೆ ಮೇಲಾಗುತ್ತದೆ. ಕಂಬದ ಬುಡಕ್ಕೆ ಒಂದು ಅಡ್ಡ ಸರಳನ್ನು ತೂರಿಸಿ ಕಾಂಕ್ರೀಟಿನಲ್ಲಿ ಕಚ್ಚಿಸುವುದನ್ನು ಮರೆಯಕೂಡದು.

ಕಲ್ಲು ಹೇರುವುದು.— ತಗಡು ಹಾರಬಾರದೆಂದು ಅದರ ಮೇಲೆ ಗುಂಡುಕಲ್ಲು, ಒರಳುಕಲ್ಲಿನ ಚೂರು, ಹಳೆಯ ಬಂಡಿಯ ಗಾಲಿ ಮುಂತಾದುವನ್ನು ಇಡುವ ವಾಡಿಕೆ ಉತ್ತರದ ಜಿಲ್ಲೆಗಳಲ್ಲಿ ವಿಶೇಷವಾಗಿದೆ. ಅಲ್ಲಿಯವರು ಪತ್ರಾಸು ಎನ್ನುವ ತಗಡಿನ ಮನೆಗಳಲ್ಲಿ ಕಲ್ಲಿಲ್ಲದ್ದೇ ಅಪರೂಪ. ಲೆಕ್ಕ ಹಾಕಿದರೆ ಇದರ ವ್ಯರ್ಥತೆ ತಿಳಿಯುತ್ತದೆ. ೧೦೦ ಚದರ ಅಡಿಗೆ ೨೮೦ ಕಿಲೋಗ್ರಾಂ ಸೆಳೆತವನ್ನು ತಡೆಯಬೇಕಾದರೆ ಹತ್ತು ಕಿಲೋಗ್ರಾಮಿನ ಕಲ್ಲುಗಳು ಇಪ್ಪತ್ತಕ್ಕೂ ಮೇಲ್ಪಟ್ಟು ಬೇಕು. ಯಾರೂ ಅಷ್ಟು ಇಡುವುದಿಲ್ಲ. ಇಟ್ಟ ನಾಲ್ಕಾರು ಕಲ್ಲುಗಳು ತಗಡನ್ನು ಹಿಡಿಯಲಾರವು; ತಗಡು ಒಂದು ಕಡೆ ಎದ್ದ ಕೂಡಲೆ ಉರುಳಿ, ಒಳಗೆ ಮಲಗಿದವರ ಮೇಲೆಯೋ ಪಕ್ಕದ ಓಣಿಯಲ್ಲಿ ನಿಂತವರ ಮೇಲೆಯೋ ಬೀಳುತ್ತವೆ. ಹೀಗೆ ಮಕ್ಕಳ ಪ್ರಾಣ ಹೋಗುವುದುಂಟು. ಎತ್ತು ಎಮ್ಮೆಗಳ ಬೆನ್ನು ಮುರಿಯುವುದುಂಟು. ಗ್ರಾಮದ ಮುಖಂಡರು ತಮ್ಮ ಊರಿನಲ್ಲಿ ಮಾಡಿಸಬಹುದಾದ ಕೆಲಸಗಳಲ್ಲಿ ಮಾಡಿನ ಮೇಲಿನ ಕಲ್ಲುಗಳನ್ನು ಇಳಿಸಿ, ಆ ಮಾಡುಗಳನ್ನು ಬೋಲ್ಟಿನಿಂದ ಬಿಗಿಸುವುದಕ್ಕಿಂತ ಕಡಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಮತ್ತೊಂದಿರಲಾರದು.

ತಗಡನ್ನು ಬಿಗಿಯುವಾಗ ತೂತನ್ನು ಉಬ್ಬಿನ ಮೇಲೆಯೇ ಕೊರೆಯಬೇಕು. ತಗ್ಗಿನಲ್ಲಿ ಕೊರೆದರೆ ಮಾಡಿನ ನೀರೆಲ್ಲ ಆ ತೂತಿನ ಮೇಲೆಯೇ ಹರಿಯುತ್ತದೆ. ಪ್ರತಿಯೊಂದು ಬೋಲ್ಟಿಗೂ ಅಗಲವಾದ ವಾಷರೂ ಅದರಡಿಯಲ್ಲಿ ರಬ್ಬರೂ ಇರಬೇಕು. ಮೇಲಿನ ತಗಡು ಕೆಳಗಿನದರ ಮೇಲೆ ಕಡೆಯ ಪಕ್ಷ ೬ ಅಂಗುಲ ಕೂರಬೇಕು. ಪಕ್ಕದಲ್ಲಿ ಒಂದೂವರೆ ಉಬ್ಬಾದರೂ ಒಂದರ ಮೇಲೊಂದು ಬರಬೇಕು. ಸೂರಿನ ಅಂಚಿನಲ್ಲಿಯೂ ನೆತ್ತಿಯಲ್ಲಿಯೂ ಒಂದು ಉಬ್ಬು ಬಿಟ್ಟು ಒಂದು ಉಬ್ಬಿಗೆ ಬೋಲ್ಟು ಹಾಕಿದರೆ, ನಡುವಿನ ಪಟ್ಟಿಗಳಲ್ಲಿ ಅಷ್ಟು ಬೇಕಾಗಿಲ್ಲ. ನಮ್ಮ ಜನರು ಎಲ್ಲ ಕಡೆಯೂ ಸಮನಾಗಿ ಹಾಕಿ ಅಂಚಿನಲ್ಲಿ ಲೋಭ ಮಾಡುವುದೇ ಹೆಚ್ಚು.

ಮಾಡು ಗೋಡೆಯನ್ನು ತಳ್ಳುವುದು.— ಈಗ ಹೆಂಚಿನ ಮಾಡಿಗೆ ಬರೋಣ. ಎರಡು ಪಕ್ಕಾಸುಗಳನ್ನು ತಲೆಗೆ ತಲೆ ಕೂಡಿಸಿ ನಿಲ್ಲಿಸಿದರೆ ಅವುಗಳ ಬುಡಗಳು ಹೊರಕ್ಕೆ ಜಾರಲು ಯತ್ನಿಸುತ್ತವೆ. ಭಾರ ಹೆಚ್ಚಿದಷ್ಟೂ, ಮಾಡು ಚಪ್ಪಟೆಯಾದಷ್ಟೂ ಈ ತಳ್ಳು ಹೆಚ್ಚು. ಅದನ್ನು ತಡೆಯುವುದು ಗೋಡೆಯಲ್ಲ, ಅಡ್ಡತೊಲೆ. ಮಣ್ಣಿನ ಗೋಡೆಯಾಗಲಿ ಇಟ್ಟಿಗೆಯ ಗೋಡೆಯಾಗಲಿ ಮೇಲಿನಿಂದ ಬರುವ ಭಾರವನ್ನು ಎಷ್ಟಾದರೂ ಹೊತ್ತೀತು. ಪಕ್ಕದಿಂದ ತಳ್ಳಿದರೆ ತಾಳಲಾರದು. ನೆತ್ತಿತೊಲೆ ಗಟ್ಟಿಯಾಗಿದ್ದು, ಅದರ ಕೆಳಗೆ ನಡುಗಂಬಗಳೋ ತುದಿಗೋಡೆಗಳೋ ಇದ್ದು ಪಕ್ಕಾಸುಗಳು ಅದಕ್ಕೆ ತೂಗಿಕೊಂಡಿದ್ದರೆ ತಳ್ಳು ಬಹಳ ಕಡಮೆ. ಹಳೆಯ ದೊಡ್ಡಮನೆಗಳಲ್ಲಿ ಕಂಬಗಳ ಸಾಲು ಮನೆಯ ನಡುವೆ ಇರುವುದು ಅಲಂಕಾರಕ್ಕಲ್ಲ.

ಮನೆಯನ್ನು ನವೀನ ರೀತಿಗೆ ತಿರುಗಿಸುವವರು ಮೊದಲು ಕೈಹಾಕುವುದು ಈ ಕಂಬಕ್ಕೂ ಅಡ್ಡತೊಲೆಗೂ. ನಡುಮನೆ ಅಗಲವಾಗಬೇಕೆಂದು ಕಂಬವನ್ನು ತೆಗೆಯುತ್ತಾರೆ. ಅಟ್ಟದಲ್ಲಿ ಓಡಾಡುವಾಗ ತಲೆಗೆ ತಗಲುತ್ತದೆಂದು ಅಡ್ಡತೊಲೆಯನ್ನು ಕೊಯ್ಯುತ್ತಾರೆ. ಮೇವಿನ ಗಾಡಿ ಒಳಗೆ ಬರಲೆಂದು ಕೊಟ್ಟಿಗೆಯ ಒಂದು ತೊಲೆಯನ್ನು ಎರಡಡಿ ಮೇಲಕ್ಕೆ ಏರಿಸುತ್ತಾರೆ. ಆ ವರ್ಷ ಏನೂ ಆಗುವುದಿಲ್ಲ. ಎರಡನೆಯ ಮಳೆಗಾಲದಲ್ಲಿ ನೆತ್ತಿ ನಡುವೆ ಬಗ್ಗಿ ಕುದುರೆಯ ಬೆನ್ನಿನಂತೆ ಕಾಣುತ್ತದೆ. ಗೋಡೆಯ ತಲೆ ಹೊರಕ್ಕೆ ವಾಲಿ, ಮೂಲೆಗಳಲ್ಲಿ ಮೇಲೆ ಅಗಲ ಕೆಳಗೆ ಕಿರಿದಾದ ಬಿರುಕುಗಳು ಏಳುತ್ತವೆ. ಮೇಲೆ ಅಗಲವಾದ ಬಿರುಕನ್ನು ಕಂಡವರು ತಳಹದಿ ಕುಸಿಯಿತೆಂದು ಅಡಿಪಾಯವನ್ನು ಅಗೆದು ನೋಡುವುದಕ್ಕೆ ಮುಂಚೆ ಒಮ್ಮೆ ತಲೆಯೆತ್ತಿ ಅಡ್ಡತೊಲೆಯನ್ನು ನೋಡಬೇಕು. ಮತ್ತೆ ಮರದ ತೊಲೆಯನ್ನು ಹಾಕಲು ಅನುಕೂಲವಿಲ್ಲದಿದ್ದರೆ, ಪಕ್ಕಾಸಿನ ಬುಡದಿಂದ ಬುಡಕ್ಕೆ ಕಬ್ಬಿಣದ ಸರಳನ್ನು ಎಳೆದು ತಿರುಪಿನಿಂದ ಬಿಗಿಯಬಹುದು. ವಾಲಿದ ಗೋಡೆಯನ್ನು ಅದರಿಂದ ಒಳಕ್ಕೆ ಎಳೆಯುವ ಸಾಹಸ ಬೇಡ. ಮುಂದಕ್ಕೆ ವಾಲದಂತೆ ನಿಲ್ಲಿಸಿದರೆ ಸಾಕು.

ಮರವನ್ನು ಕುರಿತು.— ಚಪ್ಪಟೆಯಾಗಿ ಮಲಗಿಸಿದ ಮರಕ್ಕಿಂತ ಎತ್ತರವಾಗಿ ನಿಲ್ಲಿಸಿದ ಮರ ಗಟ್ಟಿಯೆಂಬುದು ಬಡಗಿಗಳಿಗೆಲ್ಲ ಗೊತ್ತು, ಆದರೆ ಎಷ್ಟು ಗಟ್ಟಿಯೆಂದು ಕೇಳಿದರೆ ಹೇಳುವವರು ಕಡಮೆ. ೪ ಅಂಗುಲಕ್ಕೆ ೨ ಅಂಗುಲದ ಪಕ್ಕಾಸನ್ನು ೪ ಅಂಗುಲ ಎತ್ತರವಾಗುವಂತೆ ನಿಲ್ಲಿಸಿದರೆ ಮಲಗಿಸಿದುದರ ಎರಡರಷ್ಟು ಭಾರ ಹೊರುತ್ತದೆ. ಅದೇ ಭಾರಕ್ಕೆ ನಾಲ್ಕನೆಯ ಒಂದು ಪಾಲು ಮಾತ್ರ ಬಗ್ಗುತ್ತದೆ. ಮರದ ಖರ್ಚು ಎರಡಕ್ಕೂ ಒಂದೇ. ಹಾಗೆಯೇ ಕೊಟ್ಟಿಗೆಯನ್ನು ೧೦ ಅಡಿಯಿಂದ ೧೫ ಅಡಿಗೆ ಅಗಲ ಮಾಡುವವರು ತೊಲೆಯೂ ಒಂದೂವರೆ ಪಾಲು ದಪ್ಪವಾದರೆ ಸಾಕೆಂದು ತಿಳಿಯಕೂಡದು. ಪ್ರತಿ ಅಡಿಗೂ ಅಷ್ಟೇ ಭಾರ ಬೀಳುವ ತೊಲೆಯ ಉದ್ದ ಇಮ್ಮಡಿಯಾದರೆ ಅದನ್ನು ಮುರಿಯುವ ಬಲ ನಾಲ್ಮಡಿಯಾಗುತ್ತದೆ, ಬಗ್ಗುವುದಂತೂ ಹದಿನಾರು ಪಾಲು.

ಮತ್ತಿ, ಹೊನ್ನೆ, ನಂದಿ, ಬೋಗಿ, ತೇಗ, ಹಲಸು, ಇವುಗಳ ಚೇಗು ಮಾಡಿಗೆ ಒಳ್ಳೆಯದು. ಚೇಗಿನ ಹೊರಗಿನ ಬಿಳಿಯ ಮರ ಯಾವ ಜಾತಿಯದಾದರೂ ಹುಳುವಿನ ಆಹಾರವೇ. ತೇಗವೆಂಬ ಹೆಸರಿಗೆ ಮರುಳಾಗಿ, ಮುಕ್ಕಾಲು ಪಾಲು ಬಿಳಿಮರವಿರುವ ಎಳೆಯ ತೇಗದ ಗಳುಗಳನ್ನು ಕೊಳ್ಳುವುದಕ್ಕಿಂತ ಬಲಿತ ಹಲಸಿನ ಮರವೇ ಮೇಲು. ನೀಲಗಿರಿಯ ಮರ ಅಗ್ಗವಾಗಿ ಸಿಕ್ಕುವುದರಿಂದ ಈಗ ಬಹಳ ಬಳಕೆಯಲ್ಲಿದೆ; ಹಸಿಯಾಗಿ ಏರಿಸಿದರೆ ಅದು ಒಣಗುತ್ತ ತಿರುಚಿಕೊಂಡು ಸೀಳುತ್ತದೆ. ತಿರುಚಿದ ಪಕ್ಕಾಸಿನ ಮೇಲೆ ಹೆಂಚು ಸರಿಯಾಗಿ ಕೂರದೆ ಸಂದು ಬಿಡುತ್ತದೆ, ಮನೆಯವರು ಹೆಂಚಿನವನನ್ನು ಬಯ್ಯುತ್ತಾರೆ. ಬಿದಿರನ್ನು ಕಡಿದ ಕೂಡಲೆ ಬಳಸದೆ, ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿದರೆ, ಕುಟ್ಟೆ ಹುಳುವಿಗೆ ಆಹಾರವಾಗುವ ಪಿಷ್ಟ ಹೊರಟುಹೋಗುತ್ತದೆ. ಹಿಂದೆ ಒಲೆಯ ಹೊಗೆ ಅಟ್ಟದ ಮೂಲಕ ಮಾಡಿಗೇರಿ ಮರವನ್ನು ಒಣಗಿಸಿ ಹುಳುವನ್ನು ದೂರವಿಡುತ್ತಿತ್ತು. ಅಡಿಗೆಮನೆಗೆ ಗ್ಯಾಸಿನ ಒಲೆ ಬಂದುದು ಹೆಂಗಸರ ಕಣ್ಣಿಗೂ ಎದೆಗೂ ದೊಡ್ಡ ಉಪಕಾರ. ಆದರೆ ಅಂಥ ಮನೆಯ ಮಾಡನ್ನು ಈಗ ವರ್ಷಕ್ಕೊಮ್ಮೆ ಹತ್ತಿ ತಟ್ಟಿ ನೋಡುವ ಕೆಲಸ ಹೊಸದಾಗಿ ಸೇರಿದೆ.

ತೊಲೆಯ ತುದಿಯನ್ನು ಗೋಡೆಯೊಳಗೆ ಇಟ್ಟು ಸುತ್ತಲೂ ಗಾರೆ ಮೆತ್ತಿ ಮುಚ್ಚಿಬಿಡುವುದು ಒಂದು ದೊಡ್ಡ ತಪ್ಪು. ಗೋಡೆಯ ತೇವವನ್ನು ಹೀರಿ ಆ ತುದಿ ಒಳಗೊಳಗೇ ಕೊಳೆಯುತ್ತದೆ. ಗೆದ್ದಲಿಗೂ ಅದು ಕತ್ತಲೆಯ ದಾರಿ. ಹೊರಗೆ ಕಾಣುವ ಭಾಗ ಬಣ್ಣ ಹೊಡೆದಂತೆ ಚೆನ್ನಾಗಿರುತ್ತದೆ. ತೊಲೆಯ ಕೆಳಗೆ ಒಂದು ಚಪ್ಪಡಿ ಕಲ್ಲನ್ನಿಟ್ಟು, ತುದಿಯ ಸುತ್ತ ಒಂದಂಗುಲ ಗಾಳಿಯಾಡಲು ಸಂದು ಬಿಡತಕ್ಕದ್ದು.

ಇಳಿಜಾರು.— ೨೦ ಅಡಿ ಅಗಲದ ಕೊಟ್ಟಿಗೆಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಗೋಡೆಯ ತಲೆಯಿಂದ ನೆತ್ತಿಯ ಎತ್ತರ ಮಂಗಳೂರು ಹೆಂಚಿಗೆ ಬಯಲುಸೀಮೆಯಲ್ಲಿ ೫ ಅಡಿಗೂ, ಮಲೆನಾಡು ಕರಾವಳಿಗಳಲ್ಲಿ ೬ ರಿಂದ ೭ ಅಡಿಗೂ ಕಡಮೆಯಿರಕೂಡದು. ಹುಲ್ಲಿಗೆ ೯ ರಿಂದ ೧೦ ಅಡಿ ಬೇಕು. ತಗಡಿಗೆ ೨ ರಿಂದ ೨॥ ಅಡಿ ಸಾಕು. ತಗಡಿನ ಮಾಡನ್ನು ಮುಂದೆಂದಾದರೂ ಹೆಂಚಿಗೆ ತಿರುಗಿಸಬಹುದೆಂಬ ಎಣಿಕೆಯಿದ್ದವರು ಮೊದಲೇ ೫ ಅಡಿ ಎತ್ತುವುದು ಒಳ್ಳೆಯದು.

ಇಳಿಜಾರಿನಲ್ಲಿ ಮೋಸ ಹೋಗುವುದು ಹೆಚ್ಚಾಗಿ ಹೊಸ ಮನೆಯಲ್ಲಲ್ಲ, ಹಳೆಯ ಮನೆಗೆ ಜಗಲಿಯನ್ನೋ ಹಿಂಬದಿಯ ಕೊಟ್ಟಿಗೆಯನ್ನೋ ಸೇರಿಸುವಾಗ. ಮಾಡನ್ನು ಅದೇ ಇಳಿಜಾರಿನಲ್ಲಿ ಮುಂದುವರಿಸಿದರೆ ಸೂರು ತಲೆಗೆ ತಗಲುತ್ತದೆ. ಆದುದರಿಂದ ಹೊಸ ಪಕ್ಕಾಸನ್ನು ಚಪ್ಪಟೆ ಮಾಡಿ ಕೂಡಿಸುತ್ತಾರೆ. ಮೇಲಿನ ಮಾಡಿನ ನೀರೆಲ್ಲ ವೇಗವಾಗಿ ಇಳಿದು ಈ ಚಪ್ಪಟೆ ಭಾಗದಲ್ಲಿ ನಿಧಾನವಾಗಿ, ಗಾಳಿ ಬೀಸಿದಾಗ ಹೆಂಚಿನ ಸಂದಿನಲ್ಲಿ ಹಿಂದಕ್ಕೆ ನುಗ್ಗುತ್ತದೆ. ಎಷ್ಟು ಒಳ್ಳೆಯ ಹೆಂಚಾದರೂ ಇಲ್ಲಿ ಸೋರುವುದು ತಪ್ಪುವುದಿಲ್ಲ. ಸೇರಿಸುವ ಭಾಗಕ್ಕೆ ತಗಡನ್ನು ಹಾಕಿ, ಅದರ ಮೇಲಂಚನ್ನು ಹೆಂಚಿನಡಿಗೆ ಒಂದಡಿಯಾದರೂ ನುಗ್ಗಿಸುವುದೇ ಇದಕ್ಕೆ ಉಪಾಯ. ಆ ತಗಡಿಗೆ ಮೇಲೆ ಹೇಳಿದ ಬಿಗಿತವೆಲ್ಲ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹೆಂಚು.— ರೀಪುಗಳನ್ನು ಹೊಡೆದ ಮೇಲೆ ಹೆಂಚು ತರಿಸುವುದು ತಲೆಕೆಳಗಾದ ಕ್ರಮ. ಕಾರ್ಖಾನೆಯಿಂದ ಕಾರ್ಖಾನೆಗೆ ಹೆಂಚಿನ ಅಳತೆಯಲ್ಲಿ ವ್ಯತ್ಯಾಸವುಂಟು. ಹೆಂಚನ್ನು ಮೊದಲು ತರಿಸಿ, ನೆಲದ ಮೇಲೆ ಹತ್ತು ಹೆಂಚುಗಳನ್ನು ಒಂದಕ್ಕೊಂದು ಕಚ್ಚಿಸಿ ಇಟ್ಟು, ಮೊದಲನೆಯದರ ಹಿಂಬದಿಯ ಗುಬುಟಿನಿಂದ ಹತ್ತನೆಯದರ ಗುಬುಟಿನವರೆಗೆ ಅಳೆದು ಒಂಬತ್ತರಿಂದ ಭಾಗಿಸಿದರೆ ರೀಪಿನ ಅಂತರ ಸಿಕ್ಕುತ್ತದೆ. ಅದು ಸಾಮಾನ್ಯವಾಗಿ ಒಂದಡಿಯ ಆಸುಪಾಸಿನಲ್ಲಿರುತ್ತದೆ. ಕಾಲು ಅಂಗುಲ ಹೆಚ್ಚಾದರೆ ಗುಬುಟು ರೀಪನ್ನು ಹಿಡಿಯದೆ ಹೆಂಚು ಜಾರುತ್ತದೆ. ಕಡಮೆಯಾದರೆ ಮೇಲಿನ ಹೆಂಚು ಎದ್ದು ನಿಂತು ಮಳೆಗೆ ಬಾಯಿ ತೆರೆಯುತ್ತದೆ. ಹೆಂಚನ್ನು ಕೈಬೆರಳಿನಿಂದ ತಟ್ಟಿದರೆ ಕಂಚಿನಂತೆ ನಾದ ಬರಬೇಕು. ಮಂದವಾದ ಸದ್ದು ಬಂದರೆ ಬಿರುಕಿದೆ, ಇಲ್ಲವೆ ಸರಿಯಾಗಿ ಬೆಂದಿಲ್ಲ. ಸೂರಿನ ಕೊನೆಯ ಎರಡು ಸಾಲುಗಳನ್ನೂ ತುದಿಗೋಡೆಯ ಪಕ್ಕದ ಹೆಂಚುಗಳನ್ನೂ ತಂತಿಯಿಂದ ರೀಪಿಗೆ ಕಟ್ಟತಕ್ಕದ್ದು.

ಸೋರುವ ಕಡೆಯಲ್ಲೆಲ್ಲ ಸಿಮೆಂಟು ಮೆತ್ತುವ ಚಾಳಿ ಈಗ ಬೆಳೆದಿದೆ. ಹೆಂಚು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವುದರಿಂದ ಆ ತೇಪೆ ಒಂದೇ ವರ್ಷದಲ್ಲಿ ಬಿರಿದು, ಬಿರುಕಿನಲ್ಲಿ ನೀರನ್ನು ಹಿಡಿದು ಒಳಕ್ಕೆ ಬಿಡುತ್ತದೆ. ಮುಂದೆ ಒಂದು ಹೆಂಚನ್ನು ತೆಗೆಯಬೇಕಾದರೆ ಪಕ್ಕದ ನಾಲ್ಕು ಒಡೆಯುತ್ತವೆ. ಒಡೆದ ಹೆಂಚಿಗೆ ಹೊಸ ಹೆಂಚೇ ಮದ್ದು. ನೂರು ಹೆಂಚುಗಳನ್ನು ಅದೇ ಕಾರ್ಖಾನೆಯವು ಸಿಕ್ಕುವಾಗಲೇ ಕೊಂಡು ಮನೆಯ ಹಿಂದೆ ಅಡಕಿಡಬೇಕು. ಮಲೆನಾಡಿನಲ್ಲಿ ಮಂಗಗಳ ಹಾವಳಿಯಿಂದಲೂ, ಮಾಡು ಹತ್ತಿ ಹೆಂಚು ಸರಿಪಡಿಸುವ ಆಳು ಸಿಕ್ಕದಿರುವುದರಿಂದಲೂ ಬೇಸತ್ತು ತಗಡಿಗೆ ಹೋದವರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಅವರಲ್ಲಿ ಕೆಲವರು ಹೆಂಚನ್ನು ತೆಗೆಯದೆ ಅದರ ಮೇಲೆ ಎರಡು ಅಡಿ ಎತ್ತರದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹಾಕುತ್ತಾರೆ. ಮನೆ ತಂಪಾಗಿರುತ್ತದೆ, ಸೋರುವುದಿಲ್ಲ. ಆದರೆ ಆ ಚೌಕಟ್ಟಿನ ಕಾಲುಗಳನ್ನು ಹಳೆಯ ಪಕ್ಕಾಸಿನ ಮೇಲೆ ಊರಿದರೆ ಎರಡು ಅಡಿಯ ಸಂದಿನಲ್ಲಿ ನುಗ್ಗಿದ ಗಾಳಿ ಎರಡು ಮಾಡುಗಳನ್ನೂ ಕೂಡಿಯೇ ಎತ್ತುತ್ತದೆ. ಕಾಲುಗಳು ಗೋಡೆಗೆ ಇಲ್ಲವೆ ನೆಲಕ್ಕೆ ಇಳಿಯಬೇಕು.

ಮಾಳಿಗೆ.— ವಿಜಯಪುರ, ಬಾಗಲಕೋಟೆ, ರಾಯಚೂರು, ಚಿತ್ರದುರ್ಗ ಮೊದಲಾದ ಕಡೆಗಳ ಮಣ್ಣಿನ ಮಾಳಿಗೆಯನ್ನು ಹೀಗಳೆಯುವಂತಿಲ್ಲ. ಬಿಸಿಲಿಗೆ ಅದಕ್ಕಿಂತ ತಂಪಾದ ಹೊದಿಕೆಯಿಲ್ಲ. ಚೌಳು ಮಣ್ಣನ್ನು ಮೇಲೆ ಹರಡುವ ಪದ್ಧತಿಯೂ ಬುದ್ಧಿವಂತಿಕೆಯದೇ. ಬೆಳೆಗೆ ಕೇಡಾದ ಆ ಮಣ್ಣು ನೆನೆದಾಗ ನುಣ್ಣಗೆ ಕಲಸಿಕೊಂಡು ನೀರನ್ನು ಒಳಕ್ಕೆ ಬಿಡುವುದಿಲ್ಲ. ತಪ್ಪು ಆಗುವುದು ಹಳೆಯ ಪದರವನ್ನು ಕೆರೆಯದೆ ವರ್ಷವರ್ಷವೂ ಹೊಸ ಮಣ್ಣನ್ನು ಹಾಕುವುದರಲ್ಲಿ. ಒಂದಂಗುಲ ಮಣ್ಣು ನೆನೆದಾ��� ೧೦೦ ಚದರ ಅಡಿಗೆ ಸುಮಾರು ೪೦೦ ಕಿಲೋಗ್ರಾಂ ತೂಗುತ್ತದೆ, ಎಂದರೆ ಒಂದು ಹೆಂಚಿನ ಮಾಡಿನಷ್ಟು. ಹತ್ತು ವರ್ಷಗಳಲ್ಲಿ ನಾಲ್ಕು ಅಂಗುಲ ಸೇರಿದರೆ ಹಳೆಯ ಜಂತಿಗಳ ಮೇಲೆ ನಾಲ್ಕು ಹೆಂಚಿನ ಮಾಡುಗಳನ್ನು ಹೊರಿಸಿದಂತಾಯಿತು. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಯಲ್ಲಿ ಮಣ್ಣಿನ ಮನೆಗಳು ಬಹುಸಂಖ್ಯೆಯಲ್ಲಿ ಕುಸಿದುದು ನೆನಪಿನಲ್ಲಿದೆ. ಹೊಸ ಮಣ್ಣು ಹಾಕುವಷ್ಟನ್ನು ಮೊದಲು ಕೆರೆದು ತೆಗೆಯಬೇಕು. ನೀರು ಹೋಗುವ ದೋಣಿಯ ಬಾಯಿಯನ್ನು ಮಳೆಗೆ ಮುನ್ನ ಬಿಡಿಸಬೇಕು.

ತಗಡು ಬೇಗನೆ ತುಕ್ಕು ಹಿಡಿಯುವುದಕ್ಕೆ ಕಾರಣಗಳು.— ತಗಡನ್ನು ಕಾಯುವುದು ಅದರ ಮೇಲಿನ ಸತುವಿನ ತೆಳು ಲೇಪ. ಅದನ್ನು ಕೆಡಿಸುವ ಕೆಲವು ಸಂಗತಿಗಳು ರೈತನ ಮನೆಯಲ್ಲಿಯೇ ಇವೆ. ಗಂಜಲ ಸಗಣಿಗಳ ಆವಿ ಗಾಳಿಯಾಡದ ಕೊಟ್ಟಿಗೆಯಲ್ಲಿ ತಗಡಿನ ಒಳಮೈಯನ್ನು ತಿನ್ನುತ್ತದೆ. ನೆತ್ತಿಯಲ್ಲಿ ಆವಿ ಹೊರಡಲು ದಾರಿ ಬಿಟ್ಟರೆ ತಗಡಿಗೂ ದನಗಳಿಗೂ ಕ್ಷೇಮ. ಹಸಿ ಸಿಮೆಂಟು ತಗಲಿದ ಕಡೆ ಲೇಪ ಹೋಗುತ್ತದೆ. ಅಡಿಕೆಯ ಸೀಮೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿರುವುದರಿಂದ ಅದು ತೊಟ್ಟಿಕ್ಕಿದ ತಗಡು ಚುಕ್ಕೆಚುಕ್ಕೆಯಾಗಿ ತೂತು ಬೀಳುತ್ತದೆ. ತೋಟದ ಅಂಚಿನ ಮನೆಯವರು ಔಷಧ ಹೊಡೆದ ದಿನವೇ ಮಾಡನ್ನು ನೀರಿನಿಂದ ತೊಳೆಯುವುದು ಲೇಸು. ಸೆಕೆಯೆಂದು ತಗಡಿನ ಮೇಲೆ ಹುಲ್ಲು, ಸೋಗೆ ಹರಡಿದವರು ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆದುಹಾಕಬೇಕು. ಒದ್ದೆ ಹುಲ್ಲಿನಡಿಯಲ್ಲಿ ತುಕ್ಕು ಬೇಗ ಹಬ್ಬುತ್ತದೆ. ಬಿಳಿಯ ಬಣ್ಣ ಬಳಿಯುವುದರಿಂದಲೂ ಸೆಕೆ ಕಡಮೆಯಾಗುತ್ತದೆ. ಉಗ್ರಾಣಕ್ಕೆ ತಗಡು ಹಾಕಿದವರು ಇನ್ನೊಂದನ್ನು ಗಮನಿಸತಕ್ಕದ್ದು. ಮಾಗಿಯ ಬೆಳಗಿನ ಜಾವದಲ್ಲಿ ತಗಡಿನ ಒಳಮೈಯಲ್ಲಿ ಇಬ್ಬನಿ ಕಟ್ಟಿ ಹನಿಯುತ್ತದೆ. ಮೂಟೆಯ ರಾಗಿ ಬೂಷ್ಟು ಹಿಡಿಯುವುದಕ್ಕೂ ಯೂರಿಯಾ ಗಡ್ಡೆಕಟ್ಟುವುದಕ್ಕೂ ಮಳೆಯೇ ಬೇಕೆಂದಿಲ್ಲ. ತಗಡಿನಡಿಯಲ್ಲಿ ಚಾಪೆಯದೋ ಹಲಗೆಯದೋ ಒಂದು ಮುಚ್ಚಿಗೆಯಿದ್ದರೆ ಈ ತೊಂದರೆ ತಪ್ಪುತ್ತದೆ.

ಕಲ್ನಾರಿನ ಹಾಳೆಗಳು.— ಆಸ್ಬೆಸ್ಟಾಸ್ ಎಂಬ ಕಲ್ನಾರನ್ನು ಸಿಮೆಂಟಿನೊಡನೆ ಕೂಡಿಸಿ ಮಾಡಿದ ಹಾಳೆಗಳು ಹಳೆಯ ಕೊಟ್ಟಿಗೆ, ಕೋಳಿಮನೆ, ಶಾಲೆಗಳ ಮೇಲೆ ಇನ್ನೂ ಬಹಳ ಇವೆ. ಇವು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಕೊರೆದಾಗ, ಕೊಯ್ದಾಗ, ಒಡೆದಾಗ ಏಳುವ ಧೂಳಿನಲ್ಲಿರುವ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿ ಬಹುಕಾಲದ ನಂತರ ಕ್ಯಾನ್ಸರ್ ಮುಂತಾದ ರೋಗಗಳನ್ನುಂಟುಮಾಡುತ್ತವೆಂದು ನಿಶ್ಚಯವಾಗಿದೆ. ಹಳೆಯದಾದ ಹಾಳೆಯ ಮೇಲೆ ಕಾಲಿಟ್ಟರೆ ಸೂಚನೆಯಿಲ್ಲದೆ ಮುರಿದು ಮನುಷ್ಯನು ಕೆಳಕ್ಕೆ ಬೀಳುತ್ತಾನೆ; ಹತ್ತಲೇಬೇಕಾದಾಗ ಎರಡು ಪಟ್ಟಿಗಳಿಗೆ ತಾಗುವಂತೆ ಹಲಗೆ ಹಾಸಿ ಅದರ ಮೇಲೆ ನಡೆಯಬೇಕು. ತೆಗೆಯುವಾಗ ಹಾಳೆಗಳನ್ನು ನೀರಿನಿಂದ ನೆನೆಸಿ, ಬೋಲ್ಟನ್ನು ಬಿಚ್ಚಿ, ಇಡಿಯಾಗಿಯೇ ಇಳಿಸತಕ್ಕದ್ದು. ಇಳಿಸಿದ ಹಾಳೆಗಳನ್ನು ಪುಡಿಮಾಡಿ ಕೊಟ್ಟಿಗೆಯ ನೆಲಕ್ಕಾಗಲಿ, ಊರ ದಾರಿಯ ಗುಂಡಿಗಳಿಗಾಗಲಿ ತುಂಬಕೂಡದು.